ಥ್ಯಾಂಕ್ಸ್ ಅಂದವರಿಗೆ ಏನನ್ನೋಣ?

ಹೊರದೇಶಕ್ಕೆ ಹೋಗುವ ಮುಂಚೆ ಅಲ್ಲಿನ ಭಾಷೆಯ ಯಾವ ಮಾತನ್ನು ಮೊದಲು ಕಲೀಬೇಕು ಅಂತ ಹಿಂದಿನ ಸಂಚಿಕೆಯಲ್ಲಿ ಒಬ್ಬರು ಕೇಳಿದ್ದರು. ಥ್ಯಾಂಕ್ಸ್‌ಗೆ ಏನನ್ನುತ್ತಾರೆ ಅನ್ನೋದನ್ನು ಮೊಬೈಲೇ ಹೇಳಿಕೊಡುತ್ತೆ, ಥ್ಯಾಂಕ್ಸ್ ಅಂದವರಿಗೆ ತಿರುಗಿ ಏನನ್ನಬೇಕು ಅನ್ನೋದನ್ನು ಕಲಿತು ಹೋಗಿ ಅಂತ ಬರೆದಿದ್ದೆ. ಹಾಗೇ ‘ಬನ್ನಿ’ ಅಂದವರಿಗೆ ಕೊಡುವ ಜವಾಬನ್ನೂ. ಮುಂಬೈ, ಮಸ್ಕತ್, ಬೆಂಗಳೂರು ಅಂತ ಹೋಟೆಲುಗಳ ರಿಸೆಪ್ಶನ್ ಕೌಂಟರಿನ ಹಿಂದೆ ನಿಂತೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಅತಿಥಿ ಒಂದು ಮಾತಾಡಿ ನಮ್ಮ ಮುಖ ನೋಡುತ್ತಾರಲ್ಲ, ಆ ಗಳಿಗೆಯಲ್ಲಿ ಬಾಯಿಗೆ ಬರೋದು ಏನು ಅನ್ನೋದರ ಮೇಲೆ ನಮ್ಮ ಕೆಲಸ ನಿಂತಿರುತ್ತಿತ್ತು. ಅದಕ್ಕೇ ಹಾಗೆ ಬರೆದೆ. ಪತ್ರಗಳ ರಾಶಿಯೇ ಬಂತು. ಈ ಸಲ ಬರೀ ಅವೇ.

ಮಗಳ ಬಾಣಂತನಕ್ಕೆ ಮ್ಯೂನಿಕ್‌ಗೆ ಹೊರಟಿದ್ದೇನೆ. ‘ಡಾಂಕೆ’ ಅನ್ನೋದೊಂದು ಬಂದರೆ ಸಾಕಮ್ಮ ಅನ್ನುತ್ತಾಳೆ ಮಗಳು. ಸಾಕೇ? — ಓದುಗರೊಬ್ಬರು, ದಾವಣಗೆರೆ

ಅಂಗಡಿಗೆ ಸಾಕು. ಊಟದ ಮೇಜಿಗೆ ಸಾಲದು.

ಪಕ್ಕದ ಮನೆಯ ಅಜ್ಜಿ ಭಾನುವಾರ ಕಾಫಿಗೆ ಕರೆಯುತ್ತಾರೆ ಅಂತಿಟ್ಟುಕೊಳ್ಳಿ. ಮಧ್ಯಾಹ್ನದ ಮೇಲೆ ಕಾಫಿ, ಜೊತೆಗೆ ಮನೆಯಲ್ಲೇ ಮಾಡಿದ ಕೇಕು, ಅದು ಜರ್ಮನರ ಪದ್ಧತಿ. ಒಂದು ತುಂಡು ತಿಂದಿರಿ. ಚೆನ್ನಾಗಿದೆ. ಅಜ್ಜಿ ಇನ್ನೊಂದು ತುಂಡನ್ನು ಅಗಲದ ಚಮಚದಲ್ಲಿ ಎತ್ತಿ ನಿಮ್ಮ ತಟ್ಟೆಯ ಹತ್ತಿರ ತಂದು ಹುಬ್ಬೇರಿಸುತ್ತಾರೆ. ನೀವು ಖುಷಿಯಿಂದ ‘ಡಾಂಕೆ’ ಅನ್ನುತ್ತೀರಿ. ಕೇಕು ವಾಪಸ್ ಹೋಗುತ್ತದೆ!

ಯಾಕಂದರೆ ಏನಾದರೂ ಬೇಕಾ ಅಂತ ಕೇಳಿದಾಗ ಬರೀ ಡಾಂಕೆ ಅಂದರೆ ‘ಸಾಕು, ಬೇಡ’ ಅಂತಲೇ ಲೆಕ್ಕ. ನಾವು ಎಲೆಯ ಮೇಲೆ ಕೈ ಅಡ್ಡ ಹಿಡೀತೀವಲ್ಲ, ಹಾಗೆ. ವ್ಯತ್ಯಾಸ ಏನಂದರೆ, ನಮ್ಮಲ್ಲಿ ಕೈ ಅಡ್ಡ ಹಿಡಿದರೂ ಬಡಿಸುತ್ತಾರೆ. ಬೇಡವೇ ಬೇಡ ಅಂದರೆ ಅರ್ಧ ಬಡಿಸುತ್ತಾರೆ. ಅಲ್ಲಿ ಆ ಬಲವಂತವೆಲ್ಲ ಕಮ್ಮಿ, ಬೇಡ ಅಂದಿರಿ ಅಂದರೆ ಬೇಡ. ಬೇಕಾದರೆ ‘ಯಾ, ಗೆರ್ನೆ’ ಅನ್ನಿ, ಅಂದರೆ ಹೂಂ, ಖುಷಿಯಿಂದ. ಅಥವಾ ‘ಬಿಟ್ಟೆ’ ಅನ್ನಿ. ತುಂಡು ತಟ್ಟೆಗೆ ಬಿದ್ದ ಮೇಲೆ ಎಷ್ಟು ಬೇಕಾದರೂ ಡಾಂಕೆ ಹೇಳಬಹುದು.

ಈ ‘ಬಿಟ್ಟೆ’ ಕನ್ನಡದ ಕಿವಿಗೆ ಸುಲಭ. ದಯವಿಟ್ಟು ಅನ್ನೋದಕ್ಕೂ ಅದೇ, ತಗೊಳ್ಳಿ ಅನ್ನೋದಕ್ಕೂ ಅದೇ, ಡಾಂಕೆ ಅಂದವರಿಗೆ ಹೇಳುವ ಜವಾಬೂ ಅದೇ. ಬೇರೆಯವರು ನಿಮಗೆ ಡಾಂಕೆ ಅಂದರೆ ‘ಅಯ್ಯೋ, ಆ ವಿಷಯ ಬಿಟ್ಟೆ’ ಅಂದುಕೊಂಡು ‘ಬಿಟ್ಟೆ’ ಅಂದುಬಿಡಿ. ನೆನಪಲ್ಲಿ ಉಳಿಯುತ್ತೆ.

ಮಗಳು ಪ್ಯಾರಿಸ್‌ಗೆ ಕರೆದುಕೊಂಡು ಹೋದರೆ ಅಲ್ಲೂ ಇದೇ ಎಚ್ಚರ. ಇನ್ನಷ್ಟು ಬಡಿಸಲಾ ಅಂದಾಗ ‘ಮೆರ್ಸಿ’ ಅಂತ ಮಾತ್ರ ಅಂದರೆ ಬೇಡ ಅಂದ ಹಾಗಾಗುತ್ತೆ. ಪೋಲೆಂಡ್‌ಗೆ ಹೋದರೆ ಹೋಟೆಲಿನಲ್ಲಿ ಇನ್ನೂ ಜೋಪಾನ. ಬಿಲ್ಲಿಗೆ ದೊಡ್ಡ ನೋಟು ಕೊಡುತ್ತಾ ‘ಜೆಂಕುಯೆ’ ಅಂದರೆ, ಅವರ ಭಾಷೆಯ ಥ್ಯಾಂಕ್ಸ್ ಅದು, ಚಿಲ್ಲರೆ ನೀನೇ ಇಟ್ಕೋ ಅಂತ ತಿಳಿದುಕೊಳ್ಳುತ್ತಾರೆ. ಮೊದಲು ಚಿಲ್ಲರೆ ಕೈಗೆ ಬರಲಿ. ಆಮೇಲೆ ಜೆಂಕುಯೆ.

ಮಸ್ಕತ್‌ನ ಹೋಟೆಲಿನಲ್ಲಿ ರಿಸೆಪ್ಶನ್ ಕೆಲಸ ಸಿಕ್ಕಿದೆ. ಅರಬ್ಬಿಯಲ್ಲಿ ‘ಶುಕ್ರನ್’ ಬಿಟ್ಟರೆ ಏನೂ ಬರಲ್ಲ. — ಓದುಗರೊಬ್ಬರು, ಅಂಕೋಲಾ

ಒಳ್ಳೇದಾಯಿತು ತಮ್ಮಾ. ನನ್ನ ಊರಿಗೇ ಹೊರಟಿದ್ದೀಯ ಅನ್ನಿಸಿತು.

ಅರಬ್ಬಿಯಲ್ಲಿ ಒಂದೊಂದು ಉಪಚಾರದ ಮಾತಿಗೂ ಒಂದು ಜೋಡಿ ಮಾತಿದೆ. ಅವರು ಒಂದು ಹೇಳಿದರೆ ನೀನು ಅದರ ಜೋಡಿ ಹೇಳಬೇಕು. ಸುಮ್ನೆ ನಕ್ಕರೆ ಸಾಲದು. ಶುಕ್ರನ್‌ಗೆ ‘ಅಫ್ವನ್’. ‘ಅಹ್ಲನ್ ವ ಸಹ್ಲನ್’ ಅಂತ ಬರಮಾಡಿಕೊಂಡರೆ ಗಂಡಸರಿಗೆ ‘ಅಹ್ಲನ್ ಬೀಕ್’, ಹೆಂಗಸರಿಗೆ ‘ಅಹ್ಲನ್ ಬೀಕಿ’. ಲೆಬನಾನ್, ಜೋರ್ಡನ್ ಕಡೆಯ ಅತಿಥಿ ‘ಮರ್‌ಹಬಾ’ ಅಂದರೆ ‘ಮರ್‌ಹಬ್ತೇನ್’ ಅನ್ನು. ಅಂದರೆ ನಿನ್ನದೊಂದಕ್ಕೆ ನನ್ನದು ಎರಡು! ಕೊಲ್ಲಿಯ ಜನ ‘ಹಯ್ಯಾಕ್ ಅಲ್ಲಾ’ ಅನ್ನುತ್ತಾರೆ, ದೇವರು ನಿನಗೆ ಆಯುಸ್ಸು ಕೊಡಲಿ ಅಂತ. ಅದಕ್ಕೆ ‘ಅಲ್ಲಾ ಯ್‌ಹಯ್ಯೀಕ್’.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೆಲಸ ಮಾಡುತ್ತಿರುವವರಿಗೆ ಹೇಳುವ ಮಾತು: ‘ಯಾತೀಕ್ ಅಲ್ ಆಫಿಯಾ’. ದೇವರು ನಿನಗೆ ಶಕ್ತಿ, ಆರೋಗ್ಯ ಕೊಡಲಿ ಅಂತ. ಲಗೇಜು ಹೊತ್ತವನಿಗೆ, ನೆಲ ಒರೆಸುವವನಿಗೆ, ರಾತ್ರಿ ಪಾಳಿಯ ಕಾವಲಿನವನಿಗೆ ಹೋಗುತ್ತಾ ಬರುತ್ತಾ ಹೇಳುತ್ತಾರೆ. ಜವಾಬು ‘ಅಲ್ಲಾ ಯಾಫೀಕ್’. ರಾತ್ರಿ ಎರಡು ಗಂಟೆಗೆ ಕಣ್ಣು ಎಳೆಯುತ್ತಿರುವಾಗ ಬಂದ ಗಿರಾಕಿ ಇದನ್ನು ಅಂದರೆ ಬೆನ್ನು ತಾನೇ ನೆಟ್ಟಗಾಗುತ್ತೆ. ಬರೀ ಥ್ಯಾಂಕ್ಸ್‌ನಿಂದ ಹಾಗಾಗಲ್ಲ, ಏನು ಕಾರಣವೋ.

ಇನ್ನು ಕಾಫಿ. ಒಮಾನಿನಲ್ಲಿ ಸ್ವಾಗತ ಅಂದರೆ ಖರ್ಜೂರ ಮತ್ತು ಕಹ್ವಾ. ಏಲಕ್ಕಿ ಹಾಕಿದ, ಸಕ್ಕರೆ ಇಲ್ಲದ ತಿಳಿ ಕಾಫಿ. ಹಿಡಿ ಇಲ್ಲದ ಪುಟ್ಟ ಬಟ್ಟಲು, ಅದಕ್ಕೆ ಫಿಂಜಾನ್ ಅಂತಾರೆ. ಕೊಕ್ಕಿನಂಥ ಮೂತಿಯ ಕೂಜೆಯನ್ನು ಎಡಗೈಯಲ್ಲಿ ಹಿಡಿದು ಬಟ್ಟಲನ್ನು ಬಲಗೈಯಿಂದ ಕೊಡುತ್ತಾರೆ, ನೀನೂ ಬಲಗೈಯಲ್ಲೇ ತಗೋ. ತಳದಲ್ಲಿ ಒಂದಿಷ್ಟೇ ಇರುತ್ತೆ. ಜಿಪುಣತನ ಅಲ್ಲ, ಮತ್ತೆ ಮತ್ತೆ ಹಾಕೋದಕ್ಕೆ ಹಾಗೆ. ಕುಡಿದು ಬಟ್ಟಲನ್ನು ಸುಮ್ನೆ ಮುಂದೆ ಹಿಡಿದರೆ ಇನ್ನೊಂದು ಸಲ ಹಾಕುತ್ತಾರೆ. ಸಾಕು ಅನ್ನೋದಾದರೆ ಬಟ್ಟಲನ್ನು ಬೆರಳಲ್ಲಿ ಹಿಡಿದು ಮಣಿಕಟ್ಟಿನಿಂದ ಆಚೆ ಈಚೆ ಅಲ್ಲಾಡಿಸಬೇಕು. ಮಾತು ಬೇಡ. ಇದು ಗೊತ್ತಿಲ್ಲದ ನಮ್ಮ ಕಡೆಯ ಹುಡುಗನೊಬ್ಬ, ಬೇಡ ಅಂದರೆ ಬೇಜಾರಾದಾರು ಅಂತ ಸುಮ್ಮನೆ ಬಟ್ಟಲು ಒಪ್ಪಿಸುತ್ತಾ ಹೋದ. ಅವರೂ ಬಿಡದೆ ತುಂಬಿಸುತ್ತಾ ಹೋದರು. ಅವತ್ತು ರಾತ್ರಿ ಅವನಿಗೆ ನಿದ್ದೆ ಬಂದಿದ್ದರೆ ಕೇಳಿ.

ಸೊಸೆ ಕಾಫಿ ಕೊಟ್ಟರೆ ‘ಥ್ಯಾಂಕ್ಸ್ ಅತ್ತೆ’ ಅನ್ನುತ್ತಾಳೆ. ತಟ್ಟೆ ಎತ್ತಿಟ್ಟರೂ ಥ್ಯಾಂಕ್ಸ್. ಮನೆಯವರೊಳಗೆ ಇದೆಲ್ಲಾ ಯಾಕೆ? ನಾನೇನು ಹೋಟೆಲ್ ನಡೆಸುತ್ತಿದ್ದೀನಾ? — ಓದುಗರೊಬ್ಬರು, ಶಿವಮೊಗ್ಗ

ನಿಮ್ಮ ಸಿಟ್ಟು ಅರ್ಥವಾಯಿತು ಅಮ್ಮಾ. ಹೋಟೆಲ್ ನಡೆಸಿದ ಕಡೆಯವನಾಗಿ ನಾನು ಬೇಜಾರು ಮಾಡಿಕೊಂಡಿಲ್ಲ.

ನಿಮ್ಮ ಪರವಾಗಿ ಒಂದು ಸಾಕ್ಷಿ ಇದೆ. ಎಂಟು ಭಾಷೆಗಳ ಜನ ಮನೆಯಲ್ಲಿ, ಊರಲ್ಲಿ, ತಮ್ಮವರ ಜೊತೆ ದಿನಾ ಹೇಗೆ ಮಾತಾಡುತ್ತಾರೆ ಅಂತ ಭಾಷಾ ವಿಜ್ಞಾನಿಗಳು ವಿಡಿಯೋ ಮಾಡಿ ನೋಡಿದರು. 2018ರಲ್ಲಿ ಅದು ರಾಯಲ್ ಸೊಸೈಟಿಯ ಒಂದು ಪತ್ರಿಕೆಯಲ್ಲಿ ಬಂತು. ‘ಉಪ್ಪು ಕೊಡು’, ‘ಇದನ್ನು ಹಿಡ್ಕೋ’ ಅಂತ ಕೇಳಿ, ಕೇಳಿದ್ದು ಸಿಕ್ಕಿದ ಮೇಲೆ ಬಾಯಿಬಿಟ್ಟು ಥ್ಯಾಂಕ್ಸ್ ಅಂದದ್ದು ಸುಮಾರು ಇಪ್ಪತ್ತರಲ್ಲಿ ಒಂದು ಸಲ. ಇಂಗ್ಲಿಷ್ ಮತ್ತು ಇಟಾಲಿಯನ್ ಆಡುವವರದೇ ಅದರಲ್ಲಿ ಜಾಸ್ತಿ. ಅವರೂ ಏಳರಲ್ಲಿ ಒಂದು ಸಲವಷ್ಟೇ. ಈಕ್ವೆಡಾರ್ ದೇಶದ ಚಾಪಲಾ ಅನ್ನುವ ಭಾಷೆಯಲ್ಲಂತೂ ಥ್ಯಾಂಕ್ಸ್ ಹೇಳೋದಕ್ಕೆ ರೂಢಿಯ ಮಾತೇ ಇಲ್ಲ. ಆ ಜನ ಒಬ್ಬರಿಗೊಬ್ಬರು ಉಪ್ಪು ಕೊಡೋದೇನೂ ನಿಂತಿಲ್ಲ.

ನಮ್ಮಲ್ಲೂ ಹಾಗೇ ತಾನೆ? ಪಕ್ಕದ ಮನೆಯವರು ಒಂದು ಡಬ್ಬಿ ತುಂಬಾ ಚಕ್ಕುಲಿ ಕಳಿಸಿದರೆ ಧನ್ಯವಾದ ಅಂತ ಯಾರು ಹೇಳಿಕಳಿಸುತ್ತಾರೆ? ಡಬ್ಬಿ ತೊಳೆದು, ಒರೆಸಿ, ಖಾಲಿ ಕೊಡಬಾರದು ಅಂತ ಒಂದು ಹಿಡಿ ಸಕ್ಕರೆಯೋ ಎರಡು ಬಾಳೆಹಣ್ಣೋ ಹಾಕಿ ವಾಪಸ್ ಕಳಿಸುತ್ತೀವಿ. ಬಾಯಲ್ಲಿ ಹೇಳೋದಾದರೂ ‘ಚಕ್ಕುಲಿ ಗರಿಗರಿಯಾಗಿತ್ತು ಕಣ್ರೀ, ಮಕ್ಕಳು ಒಂದೂ ಉಳಿಸಲಿಲ್ಲ’ ಅಂತೀವಿ. ತೀರಾ ದೊಡ್ಡ ಸಹಾಯಕ್ಕೆ ‘ನಿಮ್ಮ ಹೊಟ್ಟೆ ತಣ್ಣಗಿರಲಿ’. ಅಷ್ಟು ಮಾತಿಗೆ ಅಷ್ಟು ದೊಡ್ಡ ಉಪಕಾರವೇ ಆಗಿರಬೇಕು.

ಇಷ್ಟೆಲ್ಲಾ ಹೇಳಿ ಈಗ ಸೊಸೆಯ ಪಕ್ಷ ವಹಿಸುತ್ತೇನೆ. ಅವಳು ಆಫೀಸಿನಲ್ಲಿ, ಲಿಫ್ಟಿನಲ್ಲಿ, ಆಟೋದಲ್ಲಿ ದಿನವಿಡೀ ಆ ಮಾತು ಹೇಳುತ್ತಿರುತ್ತಾಳೆ. ನಾಲಿಗೆ ಆ ಕಡೆ ತಿರುಗಿಬಿಟ್ಟಿದೆ. ನಿಮ್ಮನ್ನು ಹೊರಗಿನವರು ಅಂದುಕೊಂಡು ಹೇಳುತ್ತಿಲ್ಲ, ಅತ್ತೆಯ ಕೈಯ ಕಾಫಿಯನ್ನು ಸುಮ್ಮನೆ ತಗೊಂಡರೆ ಸೊಕ್ಕು ಅಂದುಕೊಂಡಾರು ಅನ್ನುವ ಅಳುಕೂ ಇದ್ದೀತು. ಹೊಸ ಸೊಸೆ ಅಲ್ವಾ? ‘ನಮ್ಮೊಳಗೆ ಥ್ಯಾಂಕ್ಸ್ ಎಲ್ಲಾ ಬೇಡ’ ಅಂತ ಪಾಠ ಮಾಡಬೇಡಿ. ‘ಕುಡಿಯೇ, ಆರಿಹೋಗುತ್ತೆ’ ಅನ್ನಿ. ಥ್ಯಾಂಕ್ಸ್‌ಗೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಜವಾಬು ನನಗೆ ಗೊತ್ತಿಲ್ಲ.

ಜಪಾನಿನ ಅಂಗಡಿಗೆ ಕಾಲಿಟ್ಟ ತಕ್ಷಣ ಎಲ್ಲರೂ ‘ಇರಾಶ್ಶಾಯಿಮಾಸೆ’ ಅಂತ ಕೂಗುತ್ತಾರಂತೆ. ನಾವೇನು ಕೂಗಬೇಕು? — ಓದುಗರೊಬ್ಬರು, ತುಮಕೂರು

ಏನೂ ಬೇಡ. ಅದು ಬನ್ನಿ ಬನ್ನಿ ಅಂತ ಕರೆಯೋದು, ಜವಾಬಿಗೆ ಕಾಯೋದಿಲ್ಲ. ಚೂರು ತಲೆ ಬಾಗಿಸಿ ಒಳಗೆ ಹೋಗಿ. ಮನೆಗೆ ಕರೆದರೆ ಮಾತ್ರ ಹೊಸಿಲಲ್ಲಿ ‘ಒಜಾಮಾ ಶಿಮಾಸು’ (ತೊಂದರೆ ಕೊಡ್ತಾ ಇದ್ದೀನಿ) ಅಂತ ಹೇಳಿ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಊಟ ಆದ ಮೇಲೆ ‘ಗೊಚಿಸೋಸಮ’. ಆಮೇಲೆ ಅವರೇ ಇನ್ನೊಂದು ದಿನ ಎದುರಿಗೆ ಸಿಕ್ಕಿದರೆ, ಅವತ್ತಿನ ಊಟಕ್ಕೆ ಮತ್ತೊಮ್ಮೆ ಥ್ಯಾಂಕ್ಸ್ ಹೇಳೋದು ಅಲ್ಲಿನ ರೀತಿ. ಮರೆತರೆ ಯಾರೂ ಬೈಯಲ್ಲ, ನೆನಪಿಟ್ಟರೆ ಖುಷಿಪಡುತ್ತಾರೆ.

ನಾನು ಬ್ಯಾಂಕ್ ಕೌಂಟರಿನಲ್ಲಿದ್ದೇನೆ. ಗ್ರಾಹಕರು ಧನ್ಯವಾದ ಅಂದರೆ ‘ನಿಮಗೆ ಸ್ವಾಗತ’ ಅನ್ನುವಂತೆ ತರಬೇತಿಯಲ್ಲಿ ಹೇಳಿದ್ದಾರೆ. ಹೇಳಿದರೆ ಜನ ನಗುತ್ತಾರೆ. — ಓದುಗರೊಬ್ಬರು, ಹುಬ್ಬಳ್ಳಿ

ನಗದೆ ಇನ್ನೇನು ಮಾಡ್ತಾರ್ರೀ! ದುಡ್ಡು ತಗೊಂಡು ಹೊರಡುತ್ತಿರುವವರನ್ನು ಬನ್ನಿ ಅಂದರೆ? ಇಂಗ್ಲಿಷಿನ ಯು ಆರ್ ವೆಲ್‌ಕಮ್ ಅನ್ನು ಎತ್ತಿ ಇಟ್ಟಿದ್ದಾರೆ, ಅಷ್ಟೇ. ನೀವು ‘ಇರ್ಲಿ ಬಿಡ್ರಿ’, ‘ಅದರಾಗೇನೈತ್ರಿ’ ಅನ್ನಿ. ಮೇಲಿನವರು ಕೇಳಿಸಿಕೊಳ್ಳುತ್ತಿದ್ದರೆ ‘ಪರವಾಗಿಲ್ಲ, ಮತ್ತೆ ಬರ್ರಿ’. ಅವರ ಸ್ವಾಗತವೂ ಬಂದ ಹಾಗಾಯಿತು, ನಿಮ್ಮ ಮಾನವೂ ಉಳಿಯಿತು.

ಹಾಗಂತ ಎಲ್ಲಾ ಕಡೆ ಇದು ತಮಾಷೆ ಅಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಮಾತಾಡುವವರು ಮೆರ್ಸಿಗೆ ‘ಬಿಯಾಂವೆನ್ಯೂ’, ಅಂದರೆ ಸ್ವಾಗತ, ಅನ್ನುತ್ತಾರೆ. ಫ್ರಾನ್ಸಿನವರಿಗೆ ಅದು ವಿಚಿತ್ರ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ‘ಕರಿಬು’ ಅನ್ನೋ ಒಂದೇ ಮಾತು ಬನ್ನಿ ಅನ್ನೋದಕ್ಕೂ ಆಗುತ್ತೆ, ‘ಅಸಾಂಟೆ’ ಅಂತ ಥ್ಯಾಂಕ್ಸ್ ಹೇಳಿದವರಿಗೆ ಜವಾಬೂ ಆಗುತ್ತೆ. ಕೀನ್ಯಾದಿಂದ, ಟಾಂಜಾನಿಯಾದಿಂದ ನಮ್ಮ ಹೋಟೆಲಿಗೆ ಬರುತ್ತಿದ್ದವರ ಬಾಯಲ್ಲಿ ಅದು ಸದಾ ಇರುತ್ತಿತ್ತು. ಅಲ್ಲಿನ ಹಳ್ಳಿಗಳಲ್ಲಿ ಬೇರೆಯವರ ಮನೆಗೆ ಹೋದರೆ ಹೊರಗೇ ನಿಂತು ‘ಹೋಡಿ!’ ಅಂತ ಕೂಗಬೇಕು. ನಮ್ಮಲ್ಲಿ ‘ಯಾರ್ರೀ ಮನ್ಯಾಗ?’ ಅಂತ ಕೂಗಿದ ಹಾಗೇ. ಒಳಗಿಂದ ‘ಕರಿಬು’ ಅಂತ ಬಂದ ಮೇಲೆಯೇ ಒಳಗೆ ಹೆಜ್ಜೆ. ಊಟಕ್ಕೆ ಕೂತವರು ಎದುರಿಗೆ ಬಂದವರಿಗೆ ಕರಿಬು ಅನ್ನೋದೂ ಉಂಟು. ಕೂತು ಉಣ್ಣಲೇಬೇಕು ಅಂತಿಲ್ಲ, ಅಸಾಂಟೆ ಅಂದರಾಯಿತು. ‘ಬರ್ರಿ, ಊಟ ಮಾಡೂಣು’ ಅಂದವರಿಗೆ ‘ನೀವ್ ಮಾಡ್ರಿ, ನಮ್ದು ಆಗೇತಿ’ ಅನ್ನೋ ನಿಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗ ಹಾಂಗ್‌ಕಾಂಗ್‌ನಲ್ಲಿದ್ದಾನೆ. ಅಲ್ಲಿ ಎರಡು ಥರ ಥ್ಯಾಂಕ್ಸ್ ಇದೆಯಂತೆ, ನಿಜವೇ? — ಓದುಗರೊಬ್ಬರು, ಹಾಸನ

ನಿಜ. ಅಲ್ಲಿನವರು ಆಡೋದು ಕ್ಯಾಂಟನೀಸ್. ಬಾಗಿಲು ಹಿಡಿದರು, ದಾರಿ ಬಿಟ್ಟರು, ನೀರು ತಂದುಕೊಟ್ಟರು ಅಂದರೆ ‘ಮ್‌ಗೊಯ್’. ಉಡುಗೊರೆ ಕೊಟ್ಟರು, ಊಟ ಹಾಕಿಸಿದರು, ಹೊಗಳಿದರು ಅಂದರೆ ‘ದೊ ಜೆ’. ಅದಲುಬದಲಾದರೆ ಹೊಸಬ ಅಂತ ಗೊತ್ತಾಗುತ್ತೆ, ಅಷ್ಟೇ. ಹೋಟೆಲಿನಲ್ಲಿ ವೇಟರನ್ನು ಕರೆಯೋದಕ್ಕೂ ಮ್‌ಗೊಯ್ ಅಂತಲೇ ಕೂಗುತ್ತಾರೆ. ಮ್‌ಗೊಯ್ ಅಂದವರಿಗೆ ಜವಾಬು ‘ಮ್‌ಸಾಯ್’, ಬೇಕಾಗಿಲ್ಲ ಬಿಡಿ ಅಂತ.

ಮಗನಿಗೆ ಇನ್ನೊಂದು ಹೇಳಿ. ಮೇಜಿನಲ್ಲಿ ಪಕ್ಕದವರು ನಿಮ್ಮ ಬಟ್ಟಲಿಗೆ ಚಹಾ ಹಾಕುವಾಗ ಬಾಯಿ ತುಂಬಾ ತಿಂಡಿ ಇದ್ದೀತು. ಎರಡು ಬೆರಳು ಮಡಿಸಿ ಮೇಜಿನ ಮೇಲೆ ಮೆಲ್ಲಗೆ ತಟ್ಟಿದರೆ ಥ್ಯಾಂಕ್ಸ್ ಹೇಳಿದ ಹಾಗೆ. ಹಿಂದೆ ಚಿಯಾನ್‌ಲುಂಗ್ ಅನ್ನೋ ಚಕ್ರವರ್ತಿ ಮಾರುವೇಷದಲ್ಲಿ ತಿರುಗುವಾಗ ತನ್ನ ಸೇವಕನಿಗೇ ಚಹಾ ಬಗ್ಗಿಸಿದನಂತೆ. ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತೆ ಅಂತ ಆ ಸೇವಕ ಬೆರಳಲ್ಲೇ ನಮಸ್ಕಾರ ಮಾಡಿದನಂತೆ. ಕತೆ ನಿಜವೋ ಸುಳ್ಳೋ, ಬೆರಳು ತಟ್ಟೋದಂತೂ ಇವತ್ತಿಗೂ ಇದೆ.

ಲೋಕದ ಭಾಷೆಗಳೆಲ್ಲಾ ಇರಲಿ, ನಮ್ಮ ಕರಾವಳಿಯದ್ದು ಬರೆಯಿರಿ. — ಓದುಗರೊಬ್ಬರು, ಮಂಗಳೂರು

ಕುಂದಾಪ್ರದವನನ್ನು ಮಂಗಳೂರಿನವರು ಕೇಳೋದಾ! ಆಯ್ತು.

ತುಳುವಿನವರ ಮನೆಗೆ ಹೋದರೆ ‘ಬಲೆ, ಕುಲ್ಲುಲೆ’. ನಮ್ಮ ಕಡೆ ‘ಬನಿ, ಕೂಕಣಿ’. ಕೂತ ಮೇಲೆ ಮಾತಿಗಿಂತ ಮುಂಚೆ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಬರುತ್ತಿತ್ತು. ಬಿಸಿಲಲ್ಲಿ ನಡೆದು ಬಂದವನಿಗೆ ಅದರಷ್ಟು ಬೇಗ ಜೀವ ಬರಿಸೋದು ಬೇರೆ ಯಾವುದೂ ಇಲ್ಲ. ಈಗ ಬಾಟಲಿ ಜ್ಯೂಸು. ನನಗೆ ಬೆಲ್ಲವೇ ಸರಿ, ಸಕ್ಕರೆ ಕಾಯಿಲೆಯವರು ನನ್ನ ಮಾತು ಕೇಳಬೇಡಿ.

ಥ್ಯಾಂಕ್ಸ್‌ಗೆ ತುಳುವಿನಲ್ಲಿ ‘ಸೊಲ್ಮೆಲು’ ಅಂತ ಸಭೆಗಳಲ್ಲಿ ಕೇಳುತ್ತೇವೆ. ಕೊಂಕಣಿ ಮಾತಾಡುವ ಕ್ರೈಸ್ತರು ‘ದೇವ್ ಬರೆಂ ಕರುಂ’ ಅನ್ನುತ್ತಾರೆ, ದೇವರು ಒಳ್ಳೇದು ಮಾಡಲಿ ಅಂತ. ಮಸ್ಕತ್‌ನ ನಮ್ಮ ಅಡುಗೆಮನೆಯಲ್ಲಿ ಮಂಗಳೂರಿನ ಬೇಕರಿಯವರೂ ಒಮಾನಿನ ಡ್ರೈವರ್‌ಗಳೂ ಒಬ್ಬರಿಗೊಬ್ಬರು ಹೀಗೆ ದೇವರನ್ನು ಒಪ್ಪಿಸಿಕೊಳ್ಳುತ್ತಿದ್ದದ್ದನ್ನು ಕೇಳಿ ನಾನು ನಗುತ್ತಿದ್ದೆ. ಇಬ್ಬರೂ ಸಾಲ ತೀರಿಸುವ ಕೆಲಸವನ್ನು ಮೇಲಿನವನಿಗೇ ವಹಿಸಿದ್ದರು. ನಮ್ಮ ಕುಂದಾಪ್ರದವರ ಜವಾಬು ಎಲ್ಲದಕ್ಕೂ ಒಂದೇ: ‘ಅಡ್ಡಿಲ್ಲೆ’.

ಟರ್ಕಿ ಪ್ರವಾಸಕ್ಕೆ ಹೊರಟಿದ್ದೇವೆ. ಎರಡೇ ಮಾತು ಹೇಳಿಕೊಡಿ. — ಓದುಗರೊಬ್ಬರು, ಮೈಸೂರು

ಅವರು ‘ಹೋಶ್ ಗೆಲ್ದಿನಿಜ್’ (ಬಂದಿದ್ದು ಸಂತೋಷ) ಅನ್ನುತ್ತಾರೆ, ನೀವು ‘ಹೋಶ್ ಬುಲ್ದುಕ್’ ಅನ್ನಿ. ಅಡುಗೆ ರುಚಿಸಿದರೆ ಮಾಡಿದವರಿಗೆ ‘ಎಲಿನಿಜೆ ಸಾಲಕ್’, ನಿಮ್ಮ ಕೈ ಚೆನ್ನಾಗಿರಲಿ ಅಂತ. ಎರಡನೆಯದನ್ನು ಮೈಸೂರಿಗೆ ವಾಪಸ್ ಬಂದು ಮನೆಯಲ್ಲೂ ಹೇಳಿದರೆ ತಪ್ಪಿಲ್ಲ.

ನಮ್ಮೂರ ರಾಜ್ಯೋತ್ಸವದಲ್ಲಿ ಈ ಸಲ ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ. ಮೈಕ್ ಹಿಡಿದರೆ ಜನ ಎದ್ದು ಹೋಗುತ್ತಾರೆ. ಏನು ಮಾಡಲಿ? — ಓದುಗರೊಬ್ಬರು, ಮಂಡ್ಯ

ಜನ ಎದ್ದು ಹೋಗೋದು ನಿಮ್ಮನ್ನು ಕಂಡು ಅಲ್ಲ ಸ್ವಾಮಿ, ಊಟದ ವಾಸನೆಗೆ. ಸ್ವಾಗತ ಭಾಷಣದವನಿಗೆ ತುಂಬಿದ ಸಭೆ ಸಿಗುತ್ತೆ, ವಂದನಾರ್ಪಣೆಯವನಿಗೆ ಖಾಲಿ ಕುರ್ಚಿ. ಇದು ಕನ್ನಡ ನಾಡಿನ ಎಲ್ಲಾ ಸಭೆಗಳ ಹಣೆಬರಹ.

ವೇದಿಕೆಯ ಮೇಲಿನವರಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲಾ ಆಗಿರುತ್ತೆ. ಅವರ ಹೆಸರುಗಳನ್ನು ಬಿರುದಿನ ಸಮೇತ ಮತ್ತೆ ಓದಬೇಡಿ, ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಸಾಕು. ‘ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ’ ಅಂತ ಶುರು ಮಾಡಿದಿರೋ, ಹಿಂದಿನ ಸಾಲು ಚಪ್ಪಲಿ ಹುಡುಕುತ್ತದೆ. ಬದಲಿಗೆ ಕಣ್ಣಿಗೆ ಬೀಳದವರಿಂದ ಶುರು ಮಾಡಿ. ಬೆಳಗಿನ ಜಾವ ಶಾಮಿಯಾನ ಕಟ್ಟಿದವರು, ಕುರ್ಚಿ ಇಳಿಸಿದ ಹುಡುಗರು, ಒಲೆ ಮುಂದೆ ನಿಂತಿರುವ ಅಡುಗೆಯವರು. ಹೆಸರು ಹಿಡಿದು ಹೇಳಿ, ಏನು ಮಾಡಿದರು ಅನ್ನೋದನ್ನೂ ಸೇರಿಸಿ. ತಮ್ಮ ಊರಿನ ಹುಡುಗನ ಹೆಸರು ಮೈಕಿನಲ್ಲಿ ಬಂದರೆ ಅವನ ಮನೆಯವರಾದರೂ ಕೂರುತ್ತಾರೆ. ಎರಡು ನಿಮಿಷದೊಳಗೆ ಮುಗಿಸಿ. ಮತ್ತೆ ಮೈಕ್‌ಸೆಟ್‌ನವರ ಹೆಸರನ್ನು ಬೆಳಿಗ್ಗೆಯೇ ಕೇಳಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಸಾಮಾನ್ಯವಾಗಿ ಬಿಟ್ಟುಹೋಗೋದು ಅವರದ್ದೇ.